ಅಪ್ಪಯ್ಯ ಗುದ್ದಿದ್ದು ಎಡಕ್ಕೆ, ನಾನು ಬಿಚ್ಚಿದ್ದು ಬಲಕ್ಕೆ: ಕಾರಿನ ಬ್ಲೋವರ್ ರಿಪೇರಿಯ ಕಥೆ

ಪುನರ್ವಸು ಮಳೆ ಹಿಡಿದು ಮೂರನೇ ದಿನ. ಅಪ್ಪಯ್ಯನ ಕಣ್ಣು ತೋರಿಸಿಕೊಂಡು ಉಡುಪಿಯಿಂದ ತೀರ್ಥಹಳ್ಳಿ ಕಡೆಗೆ ವಾಪಸ್ ಬರ್ತಾ ಇದ್ದೆವು. ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವಷ್ಟರಲ್ಲಿ ಕತ್ತಲೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕನೆಯದೋ ಐದನೆಯದೋ ಹತ್ತುವಾಗ ಬ್ಲೋವರ್, ಅಂದರೆ ಕಾರಿನೊಳಗೆ ಗಾಳಿ ದೂಡುವ ಫ್ಯಾನು, ನಿಂತಿತು. ಮಳೆಯ ಸದ್ದಿನಲ್ಲಿ ಕಿವಿಗೆ ಗೊತ್ತಾಗಲಿಲ್ಲ, ಕಣ್ಣಿಗೇ ಮೊದಲು ಗೊತ್ತಾಗಿದ್ದು. ಮುಂದಿನ ಗಾಜು ಕೆಳಗಿನ ಮೂಲೆಯಿಂದ ಬೆಳ್ಳಗಾಗುತ್ತಾ ಬಂತು. ಅರ್ಧ ನಿಮಿಷಕ್ಕೆ ಎದುರಿನ ಬಸ್ಸಿನ ಲೈಟು ಹತ್ತಿಯ ಉಂಡೆಯ ಹಾಗೆ ಕಾಣತೊಡಗಿತು.

"ಎಂತ ಆತೋ? ಗಾಜು ಯಾಕೆ ಹಿಂಗೆ?" ಅಂದರು ಅಪ್ಪಯ್ಯ.

ನಾಬನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿದೆ. ಉಸಿರೇ ಇಲ್ಲ. ಎಸಿ ಒತ್ತಿದೆ. ಲೈಟು ಹತ್ತಿತು, ಗಾಳಿ ಬರಲಿಲ್ಲ. ಅಪ್ಪಯ್ಯ ಹಿಂದಿನ ಕಾಲದ ರೇಡಿಯೋಗೆ ಹೊಡೆಯುತ್ತಿದ್ದ ಹಾಗೆ ತಮ್ಮೆದುರಿನ ಖಾನೆಯ (ಗ್ಲೋವ್ ಬಾಕ್ಸ್) ಮೇಲೆ ಮುಷ್ಟಿಯಲ್ಲಿ ಎರಡು ಗುದ್ದಿದರು. ಫ್ಯಾನು ಗುರ್ರೆಂದು ತಿರುಗಿತು! ಎರಡು ತಿರುವು ಹತ್ತುವಷ್ಟರಲ್ಲಿ ಮತ್ತೆ ನಿಂತಿತು. ಈ ಸಲ ಗುದ್ದಿಗೆ ಬಗ್ಗಲಿಲ್ಲ.

ಇಂಥ ಹೊತ್ತಿಗೆ ಏನು ಮಾಡಬೇಕು ಅಂತ ಮೊದಲು ಹೇಳಿಬಿಡುತ್ತೇನೆ, ರಿಪೇರಿ ಆಮೇಲೆ. ಹೊರಗಿನ ಗಾಳಿ ಬರುವ ಕಡೆಗೆ ಲಿವರ್ ತಳ್ಳಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಸ್ಥಾನದಲ್ಲಿದ್ದರೆ ನಿಮ್ಮ ಉಸಿರಿನ ತೇವವೇ ಗಾಜಿಗೆ ಹತ್ತುತ್ತಿರುತ್ತದೆ. ಬಿಸಿಯ ನಾಬನ್ನು ಕೆಂಪಿನ ತುದಿಗೆ ತಿರುಗಿಸಿ. ಕಾರು ಓಡುವಾಗ ಫ್ಯಾನು ಇಲ್ಲದಿದ್ದರೂ ಬಾನೆಟ್ ಹಿಂದಿನ ಜಾಲರಿಯಿಂದ ಅಷ್ಟೋ ಇಷ್ಟೋ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ. ಘಾಟಿಯ ವೇಗದಲ್ಲಿ ಅದು ಕಡಿಮೆಯೇ, ಆದರೂ ಸೊನ್ನೆಯಲ್ಲ. ಎರಡೂ ಕಡೆಯ ಕಿಟಕಿ ಎರಡು ಬೆರಳಷ್ಟು ಇಳಿಸಿ. ಹೆಗಲು ಒದ್ದೆಯಾಗುತ್ತದೆ, ಆಗಲಿ. ನಾವು ಹಾಗೆಯೇ, ಅಪ್ಪಯ್ಯ ನಿಮಿಷಕ್ಕೊಮ್ಮೆ ಪಂಚೆಯ ತುದಿಯಲ್ಲಿ ಗಾಜು ಒರೆಸುತ್ತಾ, ಎರಡನೇ ಗೇರಿನಲ್ಲಿ ಆಗುಂಬೆ ಮುಟ್ಟಿದೆವು. ಅಲ್ಲಿ ಟೀ ಕುಡಿಯುವಾಗ ನನ್ನ ಕೈ ಸಣ್ಣಗೆ ನಡುಗುತ್ತಿದ್ದದ್ದು ಚಳಿಗೆ ಅಂತ ಅಪ್ಪಯ್ಯನಿಗೆ ಹೇಳಿದೆ.

ಬಯಲುಸೀಮೆಯ ಗೆಳೆಯರು ಕೇಳುವುದಿದೆ, ನಮ್ಮ ಕಡೆ ಕಾರಿಗೆ ಹೀಟರ್ ಯಾಕೆ ಮಾರಾಯ ಅಂತ. ಚಳಿ ಕಾಯಿಸಲಿಕ್ಕೆ ನಾನೂ ಹಾಕುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದು ಗಾಜು ಕಾಯುವ ಯಂತ್ರ. ಎಸಿ ಗಾಳಿಯ ನೀರು ಹಿಂಡುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ, ಒಣ ಬಿಸಿಗಾಳಿ ಗಾಜಿಗೆ ಬಡಿದರೆ ಮಂಜು ನಿಲ್ಲುವುದಿಲ್ಲ. ಹೀಟರಿನೊಳಗೆ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯಿಲ್ ಏನೂ ಇಲ್ಲ. ಇಂಜಿನ್ ತಣಿಸಿ ಬಿಸಿಯಾದ ಕೂಲಂಟು ನೀರು ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿರುವ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಅಷ್ಟೇ. ಎಸಿಗೂ ಹೀಟರಿಗೂ ಗಾಳಿ ದೂಡುವುದು ಒಂದೇ ಫ್ಯಾನು. ಅದು ಸತ್ತರೆ ಎರಡೂ ಸತ್ತ ಹಾಗೆ.

ಕಾರಿನ ಕಂಪನಿ ಹೆಸರು ಬೇಡ. ಹದಿನಾರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸ್ಪೀಡಿನ ನಾಬು, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಇಲ್ಲದ ಕಾಲದ್ದು. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ.

ಮೊದಲ ದಿನ: ಬಲಗಡೆ

ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿ ಕಾರಿನ ಹತ್ತಿರ ಕೂತೆ. ಮೊದಲಿನ ಲೆಕ್ಕ ತಲೆಯಲ್ಲೇ ಆಗುತ್ತದೆ. ಒಂದು, ಎರಡು, ಮೂರು ಓಡದೆ ನಾಲ್ಕು ಮಾತ್ರ ಓಡಿದರೆ ರೆಸಿಸ್ಟರ್ ಹೋಗಿದೆ ಅಂತ ಅರ್ಥ. ಏಕೆಂದರೆ ಕಡಿಮೆ ಸ್ಪೀಡುಗಳಿಗೆ ಕರೆಂಟು ರೆಸಿಸ್ಟರಿನ ಕಾಯಿಲ್‌ಗಳ ಮೂಲಕ ಸುತ್ತಿ ಹೋಗುತ್ತದೆ, ನಾಲ್ಕರಲ್ಲಿ ಅದನ್ನು ಬಿಟ್ಟು ನೇರ ಹೋಗುತ್ತದೆ. ನನ್ನದರಲ್ಲಿ ನಾಲ್ಕೂ ಇಲ್ಲ. ಹಾಗಾದರೆ ತಪ್ಪು ನಾಲ್ಕಕ್ಕೂ ಸಾಮಾನ್ಯವಾದ ದಾರಿಯಲ್ಲಿದೆ: ಫ್ಯೂಸು, ರಿಲೇ (ಕರೆಂಟಿನಿಂದಲೇ ಒತ್ತಿಕೊಳ್ಳುವ ಸ್ವಿಚ್ಚು), ಮೋಟಾರು, ಸ್ವಿಚ್ಚಿನ ಅರ್ತ್ (ಕರೆಂಟು ವಾಪಸ್ ಹೋಗುವ ದಾರಿ).

ಫ್ಯೂಸ್ ಬಾಕ್ಸ್ ಇರುವುದು ಸ್ಟಿಯರಿಂಗಿನ ಕೆಳಗೆ, ಬಲಗಡೆ. ಹೀಟರಿನದು 30 ಆಂಪಿಯರಿನ ಹಸಿರು ಫ್ಯೂಸು. ಕಿತ್ತು ಬೆಳಕಿಗೆ ಹಿಡಿದೆ, ಒಳಗಿನ ತಂತಿ ಸರಿ ಇದೆ. ವಾಪಸ್ ಹಾಕಿದೆ. ಕೀ ತಿರುಗಿಸಿದರೆ ರಿಲೇ ಟಿಕ್ ಅನ್ನುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ, ಕೀಳದೆಯೇ ಮೀಟರ್ ಇಡಲಿಕ್ಕೆ. ಎರಡರಲ್ಲೂ 12.3 ವೋಲ್ಟ್. ಬ್ಯಾಟರಿಯಲ್ಲೂ ಅಷ್ಟೇ.

ಎಡಗಡೆಯ ಗ್ಲೋವ್ ಬಾಕ್ಸ್ ಕಳಚಿ, ಮೋಟಾರಿನ ಪ್ಲಗ್ಗಿನ ಎರಡು ವಯರಿಗೂ ಮೀಟರ್ ಇಟ್ಟೆ. ಮೀಟರಿನ ಕರಿ ಕಡ್ಡಿ ಕಾರಿನ ಲೋಹದ ಮೈಗೆ. ಸ್ವಿಚ್ಚು ಸೊನ್ನೆಯಲ್ಲಿ. ಒಂದು ವಯರಲ್ಲಿ 12.3, ಇನ್ನೊಂದರಲ್ಲೂ 12.3! ಎರಡೂ ಲೈವ್ ಆದರೆ ಅರ್ತ್ ಯಾವುದು? ಹತ್ತು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಈ ಕಾರಿನಲ್ಲಿ ಸ್ವಿಚ್ಚು ಕೂತಿರುವುದು ಅರ್ತ್ ಕಡೆ. ಮೋಟಾರಿಗೆ ಲೈವು ಸದಾ ಬರುತ್ತದೆ, ಸ್ವಿಚ್ಚು ಅದರ ಹೊರಹೋಗುವ ದಾರಿ ತೆರೆಯುತ್ತದೆ. ದಾರಿ ಮುಚ್ಚಿರುವಾಗ ಮೋಟಾರಿನ ಸುರುಳಿಯ ಮೂಲಕ ಅದೇ 12 ವೋಲ್ಟು ಆಚೆ ಬದಿಗೂ ಬಂದು ನಿಲ್ಲುತ್ತದೆ. ಮನೆಯ ಟ್ಯೂಬ್‌ಲೈಟಿನ ಸ್ವಿಚ್ಚು ಲೈವಿನಲ್ಲಿರಬೇಕು ಅಂತ ಕಲಿತವರಿಗೆಲ್ಲ ಇದು ಮೊದಲ ಸಲ ತಲೆ ತಿರುಗಿಸುತ್ತದೆ.

ಪ್ಲಗ್ ಕಿತ್ತು, ಸ್ವಿಚ್ಚು ನಾಲ್ಕಕ್ಕೆ ಹಾಕಿ, ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ನೋಡಿದೆ. 12.3. ಅಂದರೆ ಲೈವೂ ಇದೆ, ಅರ್ತೂ ಇದೆ, ಮೋಟಾರಿಗೆ ಬರಬೇಕಾದ್ದೆಲ್ಲ ಬರ್ತಾ ಇದೆ, ಮೋಟಾರು ಸತ್ತಿದೆ. ಶಿವಮೊಗ್ಗದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಹೊಸ ಮೋಟಾರು 2,400 ರೂಪಾಯಿ, ನಾಳೆ ಬಸ್ಸಿಗೆ ಹಾಕಿಸುತ್ತೇನೆ ಅಂದ. ಹೂಂ ಅನ್ನುವವನಿದ್ದೆ.

ಅಷ್ಟರಲ್ಲಿ ಭಾವನ ನೆನಪಾಯಿತು. ಅಕ್ಕನ ಗಂಡ, ಪೇಟೆಯಲ್ಲಿ ಪಂಪ್‌ಸೆಟ್ ವೈಂಡಿಂಗ್ ಅಂಗಡಿ. ಅಡಿಕೆ ತೋಟದವರ ಸುಟ್ಟ ಮೋಟಾರುಗಳ ಪೋಸ್ಟ್‌ಮಾರ್ಟಂ ಮಾಡಿಯೇ ತಲೆ ಬೆಳ್ಳಗಾದವರು. ಫೋನಿನಲ್ಲಿ ಎಲ್ಲ ಹೇಳಿದೆ.

"ಪ್ಲಗ್ ಕಿತ್ತು ನೋಡಿದ್ಯಾ, ಹಾಕಿ ನೋಡಿದ್ಯಾ?"

"ಕಿತ್ತು ಭಾವ."

"ಹಂಗಾರೆ ನೋಡ್ಲೇ ಇಲ್ಲ ಅಂತ ಲೆಕ್ಕ. ಭಾರ ಹೊರಿಸದೆ ಹೋರಿ ನೋಡಿದಂಗೆ ಅದು. ಇಂಡಿಕೇಟರ್ ಬಲ್ಬು ಒಂದು ಕಟ್ಟಿ ನೋಡು."

ಮಾತು ಸರಿಯೇ. ಮಲ್ಟಿಮೀಟರು ಎಳೆಯುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಸುಟ್ಟು ಕರಕಲಾದ ಸಂದಿಯಲ್ಲಿ ಕೂದಲೆಳೆಯಷ್ಟು ಅಂಟಿಕೊಂಡಿದ್ದರೂ ಅದು ಪೂರ್ತಿ 12 ವೋಲ್ಟು ತೋರಿಸುತ್ತದೆ. ಅದೇ ಸಂದಿಯಲ್ಲಿ ಮೋಟಾರಿಗೆ ಬೇಕಾದ ಹತ್ತು ಹದಿನೈದು ಆಂಪಿಯರ್ ಹಾಯಲಾರದು. 21 ವ್ಯಾಟಿನ ಇಂಡಿಕೇಟರ್ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಸುಳ್ಳು ವೋಲ್ಟೇಜನ್ನು ಅಲ್ಲೇ ಹಿಡಿದು ಹಾಕುತ್ತದೆ. ಒಂದು ಹಳೇ ಬಲ್ಬಿಗೆ ಎರಡು ವಯರ್ ಬೆಸುಗೆ ಹಾಕಿ ಪ್ಲಗ್ಗಿಗೆ ಚುಚ್ಚಿದೆ. ಬಲ್ಬು ಕೆಂಪು ಕೆಂಪಾಗಿ, ದೇವರ ಮನೆಯ ದೀಪದ ಹಾಗೆ ಹತ್ತಿತು. ಅದರ ಎರಡು ತುದಿಯ ನಡುವೆ ಬರೀ ಆರು ವೋಲ್ಟು. ಮೋಟಾರನ್ನೇ ಜೋಡಿಸಿದರೆ ಎರಡು ವೋಲ್ಟೂ ಇಲ್ಲ.

ಉಳಿದ ವೋಲ್ಟು ಎಲ್ಲಿ ಹೋಯಿತು? ಬಲ್ಬು ಹತ್ತಿರುವಾಗಲೇ ಹುಡುಕಬೇಕು. ಫ್ಯೂಸಿನ ತಲೆಯ ಎರಡು ಚುಕ್ಕೆಗಳಲ್ಲೂ ಆಗಲೂ 12.2. ಮೋಟಾರಿನ ಲೈವ್ ಪಿನ್ನಿನಲ್ಲಿ ಆರು. ಅಂದರೆ ಫ್ಯೂಸು ದಾಟಿದ ಮೇಲೆ, ಮೋಟಾರು ಮುಟ್ಟುವ ಮೊದಲು. ಫ್ಯೂಸನ್ನು ಮತ್ತೆ ಕಿತ್ತು ಈ ಸಲ ಟಾರ್ಚ್ ಬಿಟ್ಟು ನೋಡಿದೆ. ಎರಡು ಕಾಲುಗಳಲ್ಲಿ ಒಂದು ಬೆಳ್ಳಿಯ ಬಣ್ಣ, ಇನ್ನೊಂದು ಕಾಫಿ ಬಣ್ಣ. ಆ ಕಾಲು ಕೂರುವ ಗೂಡಿನ ಪ್ಲಾಸ್ಟಿಕ್ ಕರಗಿ ತುಟಿ ಮಡಿಸಿಕೊಂಡಿದೆ. ಬೆಳಿಗ್ಗೆ ತಂತಿ ತುಂಡಾಗಿದೆಯಾ ಅಂತ ಮಾತ್ರ ನೋಡಿ ಕಾಲು ನೋಡದೆ ವಾಪಸ್ ಸಿಕ್ಕಿಸಿದವನು ನಾನೇ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗೂಡಿನೊಳಗಿನ ಹಿತ್ತಾಳೆಯ ತುಟಿಗಳನ್ನು ಸೂಜಿಯಲ್ಲಿ ಕೆರೆದು, ಸ್ವಲ್ಪ ಒಳಕ್ಕೆ ಒತ್ತಿ ಬಿಗಿ ಮಾಡಿ, ಹೊಸ ಹಸಿರು ಫ್ಯೂಸು ಹಾಕಿದೆ. ಬ್ಯಾಟರಿ ಕೊಟ್ಟು ಕೀ ತಿರುಗಿಸಿದರೆ ಫ್ಯಾನು ಭರ್ರೆಂದು ಓಡಿತು. ಖುಷಿಗೆ ಅಕ್ಕಿರೊಟ್ಟಿ ಎರಡು ಜಾಸ್ತಿ ತಿಂದೆ. ಶಿವಮೊಗ್ಗದವನಿಗೆ ಬೇಡ ಅಂದೆ. ಇಂಜಿನ್ ಚಾಲೂ ಇಟ್ಟು, ನಾಲ್ಕರಲ್ಲಿ ಓಡಿಸಿ ಅಳೆದೆ: ಬ್ಯಾಟರಿಯಲ್ಲಿ 14.0, ಮೋಟಾರಿನಲ್ಲಿ 13.1. ಒಂದು ವೋಲ್ಟಿನ ಹತ್ತಿರ ದಾರಿಯಲ್ಲೇ ಸೋರುತ್ತಿದೆ. ಹಳೇ ಕಾರಿಗೆ ಇಷ್ಟು ಸಾಕು ಅಂದುಕೊಂಡೆ.

ಆ ಗೂಡು ಕರಗುವಷ್ಟು ಬಿಸಿ ಯಾಕಾಯಿತು ಅಂತ ನಾನು ಕೇಳಿಕೊಳ್ಳಲೇ ಇಲ್ಲ.

ನಾಲ್ಕನೇ ದಿನ: ಎಡಗಡೆ

ಮೂರು ದಿನ ಚೆನ್ನಾಗಿ ಓಡಿತು. ನಾಲ್ಕನೇ ದಿನ ಕೊಪ್ಪಕ್ಕೆ ಹೊರಟಾಗ ಒಂದರಲ್ಲಿ ಹಾಕಿದರೆ ಏಳಲಿಲ್ಲ, ಎರಡರಲ್ಲೂ ಇಲ್ಲ. ನಾಲ್ಕಕ್ಕೆ ತಿರುಗಿಸಿದರೆ ಮುದುಕನ ಹಾಗೆ ಕಿರ್ರ್ ಅಂತ ಎದ್ದು ಓಡಿತು. ವಾಪಸ್ ಬರುವಾಗ ನಾಲ್ಕಕ್ಕೂ ಏಳಲಿಲ್ಲ, ಜೊತೆಗೆ ರಬ್ಬರ್ ಸುಟ್ಟ ವಾಸನೆ ಬೇರೆ. ಅಪ್ಪಯ್ಯ ಮತ್ತೆ ಖಾನೆಗೆ ಗುದ್ದಿದರು. ಓಡಿತು.

ಆಗ ನನ್ನ ತಲೆಗೆ ಗುದ್ದು ಬಿದ್ದಿತು. ಅಪ್ಪಯ್ಯ ಗುದ್ದುವುದು ಎಡಗಡೆಯ ಖಾನೆಗೆ. ಫ್ಯೂಸು ಇರುವುದು ಬಲಗಡೆ. ಘಾಟಿಯಲ್ಲೂ ಗುದ್ದಿಗೆ ಎದ್ದದ್ದು ಖಾನೆಯ ಹಿಂದಿರುವ ಮೋಟಾರೇ. ಫ್ಯೂಸಿನ ಗೂಡು ಸುಟ್ಟದ್ದು ನಿಜ, ಸುಟ್ಟದ್ದು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದೂ ನಿಜ.

ಸೀದಾ ಭಾವನ ಅಂಗಡಿಗೆ ಬಿಟ್ಟೆ. ಅವರು ಸುಟ್ಟ ವಾಸನೆ ಮೂಸಿ, ಕ್ಲ್ಯಾಂಪ್ ಮೀಟರ್ ತಂದು ಮೋಟಾರಿನ ವಯರಿಗೆ ಸಿಕ್ಕಿಸಿದರು. ಸೊನ್ನೆ. ಫ್ಯಾನು ಓಡುತ್ತಿದೆ, ಮೀಟರು ಸೊನ್ನೆ ಅನ್ನುತ್ತಿದೆ! ಭಾವನೇ ನಕ್ಕರು. ಪಂಪ್‌ಸೆಟ್ಟಿಗೆ ಇಟ್ಟ ಕ್ಲ್ಯಾಂಪು ಅದು. ಏರಿಳಿಯುವ ಕರೆಂಟು ಮಾತ್ರ ಅದಕ್ಕೆ ಕಾಣುತ್ತದೆ, ಕಾರಿನ ಡಿಸಿ ಕಾಣುವುದಿಲ್ಲ. ಇನ್ನು ನನ್ನ ಮಲ್ಟಿಮೀಟರಿನ ತಾಕತ್ತು 10 ಆಂಪಿಯರ್ ಮಾತ್ರ, ಅದನ್ನು ಸೇರಿಸಿದರೆ ಅದರ ಫ್ಯೂಸೂ ಹೋಗುತ್ತದೆ. ಕೊನೆಗೆ ಸೋಲಾರ್ ಬ್ಯಾಟರಿ ನೋಡಲಿಕ್ಕೆ ಇಟ್ಟುಕೊಂಡಿದ್ದ, ಶಂಟ್ (ಹೆಚ್ಚಿನ ಕರೆಂಟನ್ನು ತನ್ನ ಮೂಲಕ ಹಾಯಿಸುವ ಪಟ್ಟಿ) ಇರುವ 30 ಆಂಪಿಯರಿನ ಮುಳ್ಳಿನ ಮೀಟರು ಸಿಕ್ಕಿತು. ಫ್ಯೂಸ್ ತೆಗೆದು ಆ ಜಾಗಕ್ಕೆ ಫ್ಯೂಸಿರುವ ವಯರಿನ ಜೊತೆ ಜೋಡಿಸಿದೆವು. ನಾಲ್ಕನೇ ಸ್ಪೀಡಿನಲ್ಲಿ ಮುಳ್ಳು 19ರಲ್ಲಿ ನಿಂತಿತು. ಏಳುವ ಹೊತ್ತಿಗೆ 30ರ ಆಚೆ ಹಾರಿ ವಾಪಸ್ ಬರುತ್ತಿತ್ತು.

"ಇಷ್ಟು ಸಣ್ಣ ಮೋಟರಿಗೆ ಹತ್ತೊಂಬತ್ತು ಜಾಸ್ತಿ ಆತು. ಕೈಯಲ್ಲಿ ತಿರುಗಿಸಿ ನೋಡಿದ್ಯನಾ?"

ನೋಡಿರಲಿಲ್ಲ. ನಾಲ್ಕು ದಿನದಲ್ಲಿ ವೋಲ್ಟು ಅಳೆದೆ, ಬಲ್ಬು ಕಟ್ಟಿದೆ, ಕೈ ಹಾಕಿ ಒಂದು ಸುತ್ತು ತಿರುಗಿಸಿ ನೋಡುವ ಕೆಲಸ ಮಾತ್ರ ಮಾಡಿರಲಿಲ್ಲ.

ಗ್ಲೋವ್ ಬಾಕ್ಸ್ ಕಳಚಿ, ಮೋಟಾರಿನ ಮೂರು ಸ್ಕ್ರೂ ಬಿಚ್ಚಿ ಕೆಳಕ್ಕೆ ಜಗ್ಗಿದೆ. ಫ್ಯಾನಿಗಿಂತ ಮೊದಲು ಮಡಿಲಿಗೆ ಬಿದ್ದದ್ದು ಗೊಬ್ಬರ. ಉತ್ಪ್ರೇಕ್ಷೆಯಲ್ಲ, ತೋಟಕ್ಕೆ ಹಾಕಬಹುದಾದ ಕಪ್ಪು ಒದ್ದೆ ಗೊಬ್ಬರ, ನೆಲ್ಲಿ ಎಲೆಯದ್ದು. ನಮ್ಮ ಕಾರು ನಿಲ್ಲುವುದು ಅಂಗಳದ ನೆಲ್ಲಿ ಮರದ ಬುಡದಲ್ಲಿ. ಹಲಸಿನ ಎಲೆಯಾದರೆ ಬಾನೆಟ್ ಹಿಂದಿನ ಜಾಲರಿಯ ಮೇಲೇ ಕೂರುತ್ತದೆ, ಗುಡಿಸಿ ಬಿಸಾಡಬಹುದು. ನೆಲ್ಲಿಯ ಎಲೆ ಅಕ್ಕಿಕಾಳಿನಷ್ಟು, ಜಾಲರಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಫಿಲ್ಟರ್ ಇಲ್ಲದ ಕಾರಿನಲ್ಲಿ ಆಮೇಲೆ ಅದನ್ನು ತಡೆಯುವವರು ಯಾರೂ ಇಲ್ಲ. ಅದರ ಜೊತೆಗೆ ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜಿನ ಚೂರು. ಇಲಿಯೊಂದು ಹಿಂದಿನ ಬೇಸಗೆಯಲ್ಲಿ ಬಾಣಂತನಕ್ಕೆ ಬಂದು ಹೋದ ಗುರುತು.

ರೆಸಿಸ್ಟರ್ ಪಟ್ಟಿಯನ್ನೂ ಹೊರಗೆಳೆದೆವು. ಅದು ಗಾಳಿಯ ದಾರಿಯಲ್ಲೇ ಕೂತಿರುತ್ತದೆ, ತನ್ನ ಬಿಸಿ ಕಳೆಯಲಿಕ್ಕೆ. ಸ್ಪ್ರಿಂಗಿನಂಥ ಮೂರು ಕಾಯಿಲ್‌ಗಳು, ಪಕ್ಕದಲ್ಲಿ ಬಿಸಿಗೆ ಕಡಿದುಕೊಳ್ಳುವ ಪುಟ್ಟ ಫ್ಯೂಸು. ಕಾಯಿಲಿನ ನಡುವೆ ಸಿಕ್ಕಿಕೊಂಡ ಎಲೆಗಳು ಸುಟ್ಟು ಇದ್ದಲಾಗಿದ್ದವು. ಒಂದನೇ ಸ್ಪೀಡಿನಲ್ಲಿ ಗಾಳಿ ಕಡಿಮೆ, ಕಾಯಿಲಿನಲ್ಲಿ ಕಾವು ಮಾತ್ರ ಇದ್ದೇ ಇರುತ್ತದೆ. ಫ್ಯಾನು ಸಿಕ್ಕಿ ನಿಂತಾಗ ಸ್ವಿಚ್ಚು ಒಂದರಲ್ಲೋ ಎರಡರಲ್ಲೋ ಉಳಿದರೆ ಗಾಳಿಯೇ ಇಲ್ಲದೆ ಕಾಯಿಲು ಕೆಂಪಾಗುತ್ತದೆ. ಆ ಪುಟ್ಟ ಫ್ಯೂಸು ಇರುವುದು ಅದಕ್ಕೇ. ಕೆಲವರು ಅದು ಹೋದಾಗ ಒಂದು ತುಂಡು ತಂತಿ ಹಾಕಿ ಜೋಡಿಸಿಬಿಡುತ್ತಾರೆ. ಒಣ ಎಲೆ, ಕೆಂಪು ಕಾಯಿಲ್, ಸುತ್ತ ಪ್ಲಾಸ್ಟಿಕ್. ನಮ್ಮ ಮೊಣಕಾಲಿನಿಂದ ಗೇಣು ದೂರದಲ್ಲಿ. ದಯವಿಟ್ಟು ಬೇಡ. ನನ್ನದು ಪುಣ್ಯಕ್ಕೆ ಉಳಿದಿತ್ತು, ಬ್ರಷ್ಷಿನಲ್ಲಿ ಉಜ್ಜಿ ವಾಪಸ್ ಕೂರಿಸಿದೆ.

ಇಲ್ಲೊಂದು ತಪ್ಪು ತಿಳುವಳಿಕೆ ನನಗೂ ಇತ್ತು. ಎಲೆ ತುಂಬಿ ಗಾಳಿ ಕಟ್ಟಿದ್ದರಿಂದ ಮೋಟಾರಿಗೆ ಭಾರ ಜಾಸ್ತಿಯಾಗಿ ಕರೆಂಟು ಜಾಸ್ತಿ ಎಳೆಯಿತು ಅಂದೆ. ಭಾವ ತಲೆ ಅಲ್ಲಾಡಿಸಿದರು. ಇಂಥ ಡ್ರಮ್ಮಿನಂಥ ಫ್ಯಾನಿಗೆ ಗಾಳಿ ಸಿಗದಿದ್ದರೆ ಕೆಲಸವೇ ಕಡಿಮೆ, ಕರೆಂಟು ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಕೈ ಅಡ್ಡ ಇಟ್ಟರೆ ಅದು ಒದ್ದಾಡುವ ಬದಲು ಇನ್ನೂ ಜೋರಾಗಿ ಕೂಗುತ್ತದಲ್ಲ, ಹಾಗೆ. ಎಲೆ ಕೊಂದದ್ದು ಬೇರೆ ದಾರಿಯಲ್ಲಿ. ಒದ್ದೆ ಗೊಬ್ಬರ ಮೋಟಾರಿನ ತಲೆಯ ಮೇಲೆ ಕೂತು, ಅದರ ನೀರು ಶಾಫ್ಟಿನ ಗುಂಟ, ಶಾಫ್ಟನ್ನು ಹಿಡಿದಿರುವ ಬಳೆಯಾದ ಬುಷ್ಷಿಗೆ ಇಳಿದಿತ್ತು. ಬುಷ್ಷಿನ ಎಣ್ಣೆ ತೊಳೆದು ಹೋಗಿ ಶಾಫ್ಟಿಗೆ ತುಕ್ಕು. ಬಿಗಿಯಾದ ಶಾಫ್ಟು ತಿರುಗಿಸಲಿಕ್ಕೆ ಮೋಟಾರು ಹೆಚ್ಚು ಎಳೆಯಿತು, ಆ ಹೆಚ್ಚಿನ ಕರೆಂಟಿನ ಬಿಸಿಗೆ ದಾರಿಯಲ್ಲಿದ್ದ ಅತಿ ಸಡಿಲ ಜಾಗ, ಫ್ಯೂಸಿನ ಗೂಡು, ಕರಗಿತು. ಹಸಿರು ಫ್ಯೂಸು ಹಾರಲಿಲ್ಲ, ಏಕೆಂದರೆ 19 ಅಂದರೆ 30ಕ್ಕಿಂತ ಕಡಿಮೆಯೇ. ತೋರುಬೆರಳಿನಲ್ಲಿ ಫ್ಯಾನು ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಸರಿ ಇರುವುದು ಒಂದು ತಟ್ಟಿಗೆ ನಾಲ್ಕಾರು ಸುತ್ತು ಹೋಗಬೇಕು.

ಬಿಚ್ಚಿದ ಮೇಲೆ

ಇಂಥ ಮೋಟಾರನ್ನು ಬಿಚ್ಚಲಿಕ್ಕೆ ಅಂತ ಮಾಡಿರುವುದಿಲ್ಲ. ತಗಡಿನ ಡಬ್ಬಿಯ ಅಂಚನ್ನು ನಾಲ್ಕು ಕಡೆ ಒತ್ತಿ ಮುಚ್ಚಿರುತ್ತಾರೆ. ಭಾವ ಮೊದಲು ಡಬ್ಬಿಗೂ ಮುಚ್ಚಳಕ್ಕೂ ಸೇರಿಸಿ ಮಾರ್ಕರಿನಲ್ಲಿ ಗೆರೆ ಎಳೆದರು, ವಾಪಸ್ ಅದೇ ಕೋನಕ್ಕೆ ಕೂರಬೇಕು. ಆಮೇಲೆ ಉಳಿಯಲ್ಲಿ ಅಂಚು ಎಬ್ಬಿಸಿದರು. ಒಳಗೆ ಕಾಡಿಗೆ. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ಬ್ರಷ್ಷಿನಲ್ಲಿ ಒಂದು ಸವೆದು ಮೂರು ನಾಲ್ಕು ಮಿಲಿಮೀಟರ್ ಉಳಿದಿತ್ತು. ಇನ್ನೊಂದು ಸವೆದದ್ದು ಕಡಿಮೆ, ಆದರೆ ಒದ್ದೆಯಾದ ಕಾರ್ಬನ್ ಪುಡಿ ಗಟ್ಟಿಯಾಗಿ ಅದನ್ನು ಗೂಡಿನಲ್ಲೇ ಹಿಡಿದುಬಿಟ್ಟಿತ್ತು. ಸ್ಪ್ರಿಂಗು ದೂಡುತ್ತದೆ, ಬ್ರಷ್ಷು ಇಳಿಯುವುದಿಲ್ಲ, ಕಮ್ಯುಟೇಟರಿಗೆ (ಶಾಫ್ಟಿನ ಮೇಲೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆ) ಮುಟ್ಟುವುದಿಲ್ಲ. ಅಪ್ಪಯ್ಯ ಗುದ್ದಿದಾಗ ಜಾರಿ ಮುಟ್ಟುತ್ತದೆ, ಮೋಟಾರು ಓಡುತ್ತದೆ. ಗುದ್ದಿನ ಗುಟ್ಟು ಅಷ್ಟೇ.

ಬ್ರಷ್ಷು ಬದಲಿಸಲಿಕ್ಕೆ ನಾನು ಅಂಗಡಿಯ ಡಬ್ಬಿಯಿಂದ ಮಿಕ್ಸಿಯ ಬ್ರಷ್ ಎತ್ತಿಕೊಂಡೆ, ಅಳತೆ ಹತ್ತಿರವಿತ್ತು. ಭಾವ ಕೈಯಿಂದ ಕಿತ್ತುಕೊಂಡರು.

"ಅದು ಬರೀ ಇದ್ದಲು ಮಾರಾಯ. 230 ವೋಲ್ಟಿಗೆ ನಡೀತದೆ. 12 ವೋಲ್ಟಲ್ಲಿ ಅದೇ ಅರ್ಧ ವೋಲ್ಟು ಒಂದು ವೋಲ್ಟು ತಿಂದ್ರೆ ಮೋಟರಿಗೆ ಎಂತ ಉಳೀತು?"

ಕಡಿಮೆ ವೋಲ್ಟಿನ, ಹೆಚ್ಚು ಆಂಪಿಯರಿನ ಮೋಟಾರುಗಳ ಬ್ರಷ್ಷಿನಲ್ಲಿ ತಾಮ್ರದ ಪುಡಿ ಬೆರೆತಿರುತ್ತದೆ. ಉಜ್ಜಿದರೆ ಕಪ್ಪಿನ ಜೊತೆ ಕೆಂಪು ಹೊಳಪು ಕಾಣುತ್ತದೆ. ಸ್ಕೂಟರಿನ ಸೆಲ್ಫ್ ಸ್ಟಾರ್ಟರ್ ಮೋಟಾರಿನ ಬ್ರಷ್ ಒಂದು ಜೊತೆ ಪಕ್ಕದ ಅಂಗಡಿಯಲ್ಲಿ 80 ರೂಪಾಯಿಗೆ ಸಿಕ್ಕಿತು. ಪಾಲಿಶ್ ಪೇಪರನ್ನು ಗಾಜಿನ ತುಂಡಿನ ಮೇಲೆ ಹಾಸಿ, ಗೂಡಿನಲ್ಲಿ ಸಲೀಸಾಗಿ ಜಾರುವಷ್ಟು ಉಜ್ಜಿದೆ. ಅದರ ಬಾಲದ ತಾಮ್ರದ ಜಡೆಯನ್ನು ಹಳೆಯದರ ಜಾಗಕ್ಕೆ ಬೆಸುಗೆ ಹಾಕುವ ಕೆಲಸ ಭಾವನದ್ದು. ಜಡೆಯನ್ನು ನಡುವೆ ಇಕ್ಕಳದಲ್ಲಿ ಹಿಡಿದೇ ಬೆಸುಗೆ ಹಾಕಿದರು. ಇಕ್ಕಳ ಬಿಸಿ ಹೀರಿಕೊಳ್ಳುತ್ತದೆ, ಸೀಸ ಮೇಲಕ್ಕೆ ಏರುವುದಿಲ್ಲ. ಏರಿದರೆ ಜಡೆ ಕಡ್ಡಿಯ ಹಾಗೆ ಗಟ್ಟಿಯಾಗಿ ಬ್ರಷ್ಷು ಮತ್ತೆ ಸಿಕ್ಕಿಕೊಳ್ಳುತ್ತದೆ.

ಕಮ್ಯುಟೇಟರಿಗೆ ಝೀರೋ ನಂಬರ್ ಪಾಲಿಶ್ ಪೇಪರ್. ಎಮರಿ ಬೇಡ ಅಂತ ಭಾವನ ಕಟ್ಟಪ್ಪಣೆ, ಅದರ ಕಣ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು. ತಾಮ್ರದ ಪಟ್ಟಿಗಳ ನಡುವಿನ ಸಂದಿಗಳನ್ನು ಹ್ಯಾಕ್ಸಾ ಬ್ಲೇಡಿನ ಚೂರಿನಲ್ಲಿ ಒಂದೊಂದಾಗಿ ಕೆರೆದೆ. ಮೀಟರಿನ ಒಂದು ಕಡ್ಡಿ ಶಾಫ್ಟಿಗೆ, ಇನ್ನೊಂದು ಪಟ್ಟಿಗಳಿಗೆ: ಎಲ್ಲೂ ಬೀಪ್ ಇಲ್ಲ, ಅಂದರೆ ವೈಂಡಿಂಗ್ ಶಾಫ್ಟಿಗೆ ತಾಗಿಲ್ಲ. ಸುರುಳಿಯೊಳಗಿನ ಶಾರ್ಟ್ ಹಿಡಿಯುವ ಗ್ರೌಲರಿನ ಮೇಲೂ ಭಾವ ಇಟ್ಟು ನೋಡಿದರು. ಆರ್ಮೇಚರ್, ಅಂದರೆ ತಿರುಗುವ ಸುರುಳಿ, ಗಟ್ಟಿ ಇದೆ.

ಬುಷ್ಷಿನ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. ಇದು ಪುಡಿ ಒತ್ತಿ ಮಾಡಿದ ಕಂಚಿನ ಬುಷ್ಷು, ಸ್ಪಂಜಿನ ಹಾಗೆ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಇಟ್ಟುಕೊಂಡಿರುತ್ತದೆ, ಸುತ್ತ ಉಣ್ಣೆಯ ಬಳೆ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಗಳಿಗೆಗೆ ಬೆಣ್ಣೆಯ ಹಾಗೆ ತಿರುಗುತ್ತದೆ. ಒಳಗಿನ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ, ತಿಂಗಳಿಗೆ ಮತ್ತೆ ಕಿರ್ರ್. ಶಾಫ್ಟಿನ ತುಕ್ಕನ್ನು ಪೇಪರಿನಲ್ಲಿ ತೆಗೆದು ಹೊಳಪು ಬರುವವರೆಗೆ ಬಟ್ಟೆಯಲ್ಲಿ ಉಜ್ಜಿದೆ. ಬುಷ್ಷು ಕೂತ ಮುಚ್ಚಳವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಉಣ್ಣೆಯ ಬಳೆಗೆ ಟರ್ಬೈನ್ ಆಯಿಲ್ ಹನಿ ಹನಿಯಾಗಿ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟೆವು. ಬೆಳಿಗ್ಗೆ ಹೋಗುವಷ್ಟರಲ್ಲಿ ಎಣ್ಣೆ ಮಾಯ, ಬುಷ್ಷು ಕುಡಿದಿತ್ತು. ಇನ್ನೊಂದು ಸುತ್ತು ಬಿಟ್ಟೆವು.

ಅಂಚು ಒತ್ತಿ ಮುಚ್ಚಿ, ಅಂಗಡಿಯ ಬ್ಯಾಟರಿಗೆ ಕೊಟ್ಟಾಗ ಫ್ಯಾನಿಲ್ಲದ ಮೋಟಾರು ಎರಡೂವರೆ ಆಂಪಿಯರಿನಲ್ಲಿ ಸದ್ದಿಲ್ಲದೆ ಓಡಿತು. ಹೊಸ ಬ್ರಷ್ಷು ಕಮ್ಯುಟೇಟರಿನ ದುಂಡನೆಯ ಮೈಗೆ ಹೊಂದಲಿ ಅಂತ ಅರ್ಧ ಗಂಟೆ ಹಾಗೆಯೇ ಬಿಟ್ಟೆವು. ಮೊದಲು ಕಿಡಿ ಜಾಸ್ತಿ ಕಾಣುತ್ತದೆ, ಆಮೇಲೆ ಕಡಿಮೆಯಾಗುತ್ತದೆ.

ಫ್ಯೂಸಿನ ಗೂಡಿಗೆ ಈ ಸಲ ಕೆರೆಯುವ ಉಪಚಾರ ಮಾಡಲಿಲ್ಲ. ಒಮ್ಮೆ ಕಾದ ಹಿತ್ತಾಳೆಗೆ ಹಿಡಿತದ ಸ್ಪ್ರಿಂಗ್ ಗುಣ ಹೋಗಿರುತ್ತದೆ, ಒತ್ತಿದರೂ ಮತ್ತೆ ಸಡಿಲ. ಆ ಎರಡು ವಯರುಗಳನ್ನು ಬಾಕ್ಸಿನ ಹಿಂದೆ ಕತ್ತರಿಸಿ, ಬೇರೆಯದೇ ಒಂದು ವಯರಿನ ಫ್ಯೂಸ್ ಹೋಲ್ಡರ್ ಹಾಕಿದೆ. 4 ಚದರ ಮಿಲಿಮೀಟರಿನ ವಯರ್, ಒತ್ತಿ ಕೂರಿಸಿದ ಲಗ್ಗು, ಮೇಲೆ ಬಿಸಿಗೆ ಕುಗ್ಗುವ ತೋಳು. ಫ್ಯೂಸು ಅದೇ 30. ಇನ್ನೂ ದೊಡ್ಡದು ಹಾಕು ಅಂತ ಸಲಹೆ ಕೊಟ್ಟವರಿದ್ದಾರೆ. ಹಾಕಿದರೆ ಮುಂದಿನ ಸಲ ಕರಗುವುದು ಡ್ಯಾಶ್‌ಬೋರ್ಡಿನೊಳಗಿನ ವಯರಿಂಗು.

ಕಾರಿಗೆ ಕೂರಿಸಿ ಮತ್ತೆ ಮುಳ್ಳಿನ ಮೀಟರು ಜೋಡಿಸಿದೆವು. ನಾಲ್ಕರಲ್ಲಿ 12 ಆಂಪಿಯರ್. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 14.0, ಮೋಟಾರಿನಲ್ಲಿ 13.6. ಹತ್ತು ನಿಮಿಷ ಓಡಿಸಿ ಹೋಲ್ಡರ್ ಮುಟ್ಟಿದರೆ ಉಗುರು ಬೆಚ್ಚಗಿತ್ತು, ಅಷ್ಟೇ.

ಬಾನೆಟ್ ಹಿಂದಿನ ಪ್ಲಾಸ್ಟಿಕ್ ಜಾಲರಿ ತೆಗೆದಾಗ ಕೆಳಗಿನ ತೊಟ್ಟಿಯಲ್ಲಿ ಇನ್ನೊಂದು ಬೊಗಸೆ ಗೊಬ್ಬರ. ನೀರು ಹೊರಹೋಗುವ ಎರಡು ತೂತೂ ಕಟ್ಟಿದ್ದವು, ಹಾಗಾಗಿ ಜೋರು ಮಳೆಗೆ ತೊಟ್ಟಿ ತುಂಬಿ ನೀರು ಬ್ಲೋವರಿನ ಬಾಯಿಗೆ ಇಳಿಯುತ್ತಿತ್ತು. ತೆಂಗಿನ ಗರಿಯ ಕಡ್ಡಿಯಲ್ಲಿ ತೂತು ಬಿಡಿಸಿ ಎರಡು ಕೊಡ ನೀರು ಹೊಯ್ದು ನೋಡಿದೆ, ಚಕ್ರದ ಹಿಂದೆ ಇಳಿದು ಹೋಯಿತು. ಬ್ಲೋವರಿನ ಬಾಯಿಗೆ ಸ್ಟೀಲಿನ ಜಾಲರಿ ಕತ್ತರಿಸಿ ಕಟ್ಟಿದೆ, ಸುಮಾರು 5 ಮಿಲಿಮೀಟರಿನ ಕಣ್ಣು. ಅದಕ್ಕಿಂತ ದೊಡ್ಡದಾದರೆ ಇಲಿಮರಿ ನುಸುಳುತ್ತದೆ. ಸೊಳ್ಳೆಪರದೆಯಷ್ಟು ಸಣ್ಣದಾದರೆ ಗಾಳಿಯೇ ಕಟ್ಟುತ್ತದೆ. ನೆಲ್ಲಿ ಎಲೆ ಇದರಲ್ಲೂ ಇಳಿಯುತ್ತದೆ ಅಂತ ಗೊತ್ತು. ಆ ಕಾರಣಕ್ಕೆ ಕಾರು ಈಗ ಅಡಿಕೆ ಒಣಗಿಸುವ ಚಪ್ಪರದ ಅಡಿಗೆ ಹೋಗಿದೆ. ಅಮ್ಮನಿಗೆ ಇದು ಸಮ್ಮತವಿಲ್ಲ.

ಪುಷ್ಯ ಮಳೆಯಲ್ಲಿ ಅಪ್ಪಯ್ಯನನ್ನು ಮತ್ತೆ ಉಡುಪಿಗೆ ಕರೆದುಕೊಂಡು ಹೋಗಿ ಬಂದೆ. ಘಾಟಿ ಹತ್ತುವಷ್ಟೂ ಹೊತ್ತು ಎರಡನೇ ಸ್ಪೀಡಿನಲ್ಲಿ ಗಾಜು ಕನ್ನಡಿಯ ಹಾಗಿತ್ತು. ಅಪ್ಪಯ್ಯನ ಕೈ ಮಾತ್ರ ಅಭ್ಯಾಸಬಲದಿಂದ ಖಾನೆಯ ಮೇಲೇ ಇತ್ತು.

ಒಂದು ಕೆಲಸ ಬಾಕಿ ಉಳಿದಿದೆ. ಮೂರನೇ ಸ್ಪೀಡಿನಲ್ಲಿ ಡ್ಯಾಶ್‌ಬೋರ್ಡು ಸಣ್ಣಗೆ ನಡುಗುತ್ತದೆ. ಫ್ಯಾನಿನ ಚಕ್ರವನ್ನು ಅಂಗಳದಲ್ಲಿ ಸೋಪು ಹಾಕಿ ತೊಳೆಯುವಾಗ ರೆಕ್ಕೆಯೊಂದಕ್ಕೆ ಸಿಕ್ಕಿಸಿದ್ದ ಉಗುರಿನಷ್ಟು ದೊಡ್ಡ ತಗಡಿನ ಕ್ಲಿಪ್ಪು ಕಳಚಿ ಬಿತ್ತು. ಕಸ ಅಂದುಕೊಂಡೆ. ಅದು ಚಕ್ರದ ತೂಕ ಸಮ ಮಾಡಲಿಕ್ಕೆ ಇಟ್ಟದ್ದು ಅಂತ ಭಾವ ಹೇಳುವ ಹೊತ್ತಿಗೆ ಅಂಗಳ ಗುಡಿಸಿ ಆಗಿತ್ತು. ಈಗ ಪೇಪರ್ ಕ್ಲಿಪ್ಪಿನ ತುಂಡುಗಳನ್ನು ಒಂದೊಂದು ರೆಕ್ಕೆಗೆ ಸಿಕ್ಕಿಸಿ ನೋಡ್ತಾ ಇದ್ದೇನೆ. ಚಕ್ರದಲ್ಲಿ ರೆಕ್ಕೆಗಳು ನಲವತ್ತಮೂರು. ಹದಿನೇಳನೆಯದರವರೆಗೆ ಬಂದಿದ್ದೇನೆ.